ಕೋಡ್ ಬದಲಾಗುತ್ತಿದೆ ಅಂತ ಜೊತೆಗಾರರಿಗೆ ಹೇಳುವುದು ಹೇಗೆ

ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಲ್ಲಿ ಬಿಡುಗಡೆ ಟಿಪ್ಪಣಿಯನ್ನು ಬಹಳ ಜನ ಮುತುವರ್ಜಿಯಿಂದ ಬರೆಯುತ್ತಾರೆ. ಆ ಟಿಪ್ಪಣಿ ಸಾಫ್ಟ್‌ವೇರ್ ಬಳಸುವವರಿಗೆ. ಕೋಡ್ ಕಳಿಸುವವರ ಪಾಡು ಬೇರೆ. ಅವರು ಆಫೀಸು, ಮನೆಗೆಲಸ ಎಲ್ಲ ಮುಗಿಸಿ ರಾತ್ರಿ ಕೂತು ಒಂದು ಬ್ರಾಂಚ್‌ನಲ್ಲಿ (ಕೋಡ್‌ನ ತಮ್ಮದೇ ಪ್ರತ್ಯೇಕ ಕವಲಿನಲ್ಲಿ) ಅರ್ಧ ಕೆಲಸ ಮಾಡಿಟ್ಟಿರುತ್ತಾರೆ. ಅಷ್ಟರಲ್ಲಿ ನೀವು ಅದೇ ಕಡತವನ್ನು ಬದಲಿಸುತ್ತೀರಿ. ಆಗ ಅವರಿಗೆ ಏಳುವ ಪ್ರಶ್ನೆ ಒಂದೇ: ನನ್ನ ಅರ್ಧ ಕೆಲಸದ ಗತಿ ಏನು? ನೀವು ಏನೇ ಬರೆದರೂ ಅದರಲ್ಲಿ ಈ ಪ್ರಶ್ನೆಗೆ ಉತ್ತರ ಇರಬೇಕು.

ನಾನು ನೋಡಿಕೊಳ್ಳುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಸಣ್ಣ ಪ್ರಾಜೆಕ್ಟ್. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಕನ್ನಡವನ್ನು ಯುನಿಕೋಡ್‌ಗೆ ತರುವುದು ಅದರ ಕೆಲಸ. ಕೈಜೋಡಿಸಿದವರಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿದ್ದಾರೆ, ಅಮೆರಿಕದಲ್ಲಿರುವ ಒಬ್ಬರಿದ್ದಾರೆ. ನಿವೃತ್ತ ಮೇಷ್ಟ್ರು ಒಬ್ಬರೂ ಇದ್ದಾರೆ. ಅವರು ಕೋಡ್ ಬರೆಯುವುದಿಲ್ಲ, ಅಕ್ಷರಗಳ ಮ್ಯಾಪಿಂಗ್ ಪಟ್ಟಿಯಲ್ಲಿನ (ಹಳೆಯ ಚಿಹ್ನೆಗೆ ಯಾವ ಯುನಿಕೋಡ್ ಅಕ್ಷರ ಅಂತ ಹೇಳುವ ಪಟ್ಟಿ) ತಪ್ಪು ಹಿಡಿದು ತಿದ್ದಿ ಕಳಿಸುತ್ತಾರೆ. ಇಷ್ಟು ಬೇರೆ ಬೇರೆ ಜನಕ್ಕೆ ಒಂದೇ ಮಾತು ಮುಟ್ಟಬೇಕು. ಅದಕ್ಕೆ ನಾನು ಪಾಲಿಸುವ ಕ್ರಮ ಇದು.

ಕಮಿಟ್ ಸಂದೇಶದಲ್ಲಿ ಕಾರಣ ಇರಲಿ

ಕಮಿಟ್ ಅಂದರೆ ಕೋಡ್‌ನ ಇತಿಹಾಸದಲ್ಲಿ ದಾಖಲಾದ ಒಂದು ಬದಲಾವಣೆ. ಏನು ಬದಲಾಯಿತು ಅನ್ನುವುದನ್ನು, ಆ ಇತಿಹಾಸ ಇಡುವ ಸಾಧನವಾದ ಗಿಟ್ ತಾನೇ ತೋರಿಸುತ್ತದೆ. ಯಾಕೆ ಬದಲಾಯಿತು ಅಂತ ನೀವೇ ಬರೆಯಬೇಕು. ಲಿನಕ್ಸ್ ಕರ್ನಲ್‌ನವರ (ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಬರೆಯುವವರ) ರೂಢಿ ನೋಡಿ ಕಲಿಯುವುದು ಒಳ್ಳೆಯದು. ಗಿಟ್ ಹುಟ್ಟಿದ್ದೇ 2005ರಲ್ಲಿ, ಕರ್ನಲ್ ಕೆಲಸಕ್ಕೆಂದು ಲಿನಸ್ ಟೋರ್ವಾಲ್ಡ್ಸ್ ಅದನ್ನು ಬರೆದಾಗ. ಕರ್ನಲ್‌ನಲ್ಲಿ ಸಂದೇಶದ ಮೊದಲ ಸಾಲು 70ರಿಂದ 75 ಅಕ್ಷರದೊಳಗೆ ಮುಗಿಯಬೇಕು. ಅದರ ತಲೆಯಲ್ಲಿ ಕೋಡ್‌ನ ಯಾವ ಭಾಗ ಅಂತ ಇರುತ್ತದೆ. ಕ್ರಿಯಾಪದ ಅಪ್ಪಣೆ ಕೊಟ್ಟ ಹಾಗಿರುತ್ತದೆ: ಸೇರಿಸು, ತೆಗೆ, ಸರಿಸು. ಹಳೆಯ ಕಮಿಟ್ ಒಂದು ತಂದ ದೋಷವನ್ನು ತಿದ್ದುವುದಾದರೆ, ಕೊನೆಯಲ್ಲಿ 'ಫಿಕ್ಸಸ್' ಅನ್ನುವ ಸಾಲಿನಲ್ಲಿ ಆ ಕಮಿಟ್‌ನ ಗುರುತಿನ ಕನಿಷ್ಠ ಮೊದಲ 12 ಅಕ್ಷರ ಮತ್ತು ಅದರ ಶೀರ್ಷಿಕೆ ಹಾಕುತ್ತಾರೆ.

ನಮ್ಮಲ್ಲಿ ಕಮಿಟ್ ಸಂದೇಶ ಕನ್ನಡದಲ್ಲೇ ಇರುತ್ತದೆ. ಗಿಟ್‌ಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಒಂದು ಮಾದರಿ:

"ಅರ್ಕಾವತ್ತು: ಒತ್ತಕ್ಷರ ದಾಟಿ ಹಿಂದಕ್ಕೆ ಸರಿಸು

ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಇರುತ್ತದೆ. ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಈಗಿನ ಕೋಡ್ ಒಂದೇ ಹೆಜ್ಜೆ ಹಿಂದೆ ಹೋಗುತ್ತದೆ. ಹಾಗಾಗಿ 'ಈರ್ಷ್ಯೆ'ಯಂಥ ಪದದಲ್ಲಿ ರ್ ನಡುವೆ ಸಿಕ್ಕಿಕೊಳ್ಳುತ್ತದೆ. ಒತ್ತಕ್ಷರವನ್ನೂ ದಾಟಿ ಮೂಲ ಅಕ್ಷರದ ಹಿಂದಕ್ಕೆ ಹೋಗುವಂತೆ ಮಾಡಿದೆ."

ಇದನ್ನು ಓದಿದ ಹೊಸ ವಿದ್ಯಾರ್ಥಿನಿಗೆ ಆ ಫಂಕ್ಷನ್ ಯಾಕೆ ಹಿಂದಕ್ಕೆ ತಿರುಗುತ್ತದೆ ಅಂತ ಯಾರೂ ಕೂತು ಹೇಳಿಕೊಡಬೇಕಾಗಿಲ್ಲ. ಸುಮ್ನೆ "ಬಗ್ ಫಿಕ್ಸ್" ಅಂತ ಬರೆದಿದ್ದರೆ ಆಕೆ ಆ ಸಾಲನ್ನು ಮುಟ್ಟಲೂ ಹೆದರುತ್ತಿದ್ದಳು.

ದೊಡ್ಡ ಬದಲಾವಣೆಗೆ ಮುಂಚೆಯೇ ಸೂಚನೆ ಕೊಡಿ

ಕಡತ ಜಾಗ ಬದಲಿಸುತ್ತದೆ, ಫಂಕ್ಷನ್ ಹೆಸರು ಬದಲಾಗುತ್ತದೆ, ಪಟ್ಟಿಯ ರೂಪ ಬದಲಾಗುತ್ತದೆ ಅಂದರೆ ಮರ್ಜ್ ಮಾಡಿದ (ಮುಖ್ಯ ಕೋಡ್‌ಗೆ ಸೇರಿಸಿದ) ಮೇಲೆ ಹೇಳಿ ಪ್ರಯೋಜನವಿಲ್ಲ. ಮೊದಲು ತೆರೆದಿರುವ ಪುಲ್ ರಿಕ್ವೆಸ್ಟ್‌ಗಳನ್ನೆಲ್ಲ, ಅಂದರೆ ಸೇರಿಸಿಕೊಳ್ಳಿ ಅಂತ ಜನ ಕಳಿಸಿದ ಬದಲಾವಣೆಗಳನ್ನೆಲ್ಲ, ನೋಡಿ. ನೀವು ಮುಟ್ಟುವ ಕಡತವನ್ನೇ ಯಾರು ಮುಟ್ಟಿದ್ದಾರೆ ಅಂತ ಗುರುತು ಮಾಡಿಕೊಳ್ಳಿ. ಮುಗಿಯುತ್ತ ಬಂದಿರುವುದನ್ನು ಮೊದಲು ಸೇರಿಸಿಬಿಡಿ. ಕಾಯುವುದು ನಿಮ್ಮ ಪಾಲಿಗಿರಲಿ. ಉಳಿದವರಿಗೆ ಸೂಚನೆ ಬರೆಯಿರಿ. ಮ್ಯಾಪಿಂಗ್ ಪಟ್ಟಿಯನ್ನು ಪೈಥಾನ್ ಕಡತದಿಂದ ಸಿಎಸ್‌ವಿಗೆ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಟ್ಟಿಗೆ) ತರುವಾಗ ನಾನು ಬರೆದದ್ದು ಹೀಗಿತ್ತು:

"ಮ್ಯಾಪಿಂಗ್ ಪಟ್ಟಿ ಇನ್ನು ಮುಂದೆ ಸಿಎಸ್‌ವಿ ಕಡತದಲ್ಲಿ ಇರುತ್ತದೆ. ಭಾನುವಾರ ಸಂಜೆ ಮರ್ಜ್ ಮಾಡುತ್ತೇನೆ.

ಯಾಕೆ: ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಪ್ರೋಗ್ರಾಂ ನಿಲ್ಲುತ್ತಿತ್ತು. ಸಿಎಸ್‌ವಿ ಆದರೆ ಲಿಬ್ರೆಆಫೀಸ್‌ನಲ್ಲೇ ತೆರೆದು ತಿದ್ದಬಹುದು.

ಪಟ್ಟಿ ಮಾತ್ರ ತಿದ್ದುವವರಿಗೆ: ಹಳೆಯ ಕಡತ ಮುಟ್ಟಬೇಡಿ. ಮೊದಲ ಕಾಲಂನಲ್ಲಿ ಹಳೆಯ ಫಾಂಟ್‌ನ ಚಿಹ್ನೆ, ಎರಡನೆಯದರಲ್ಲಿ ಯುನಿಕೋಡ್ ಅಕ್ಷರ ಹಾಕಿ. ಉಳಿಸುವಾಗ ಯುಟಿಎಫ್-8 ಆರಿಸಿ.

ಪುಲ್ ರಿಕ್ವೆಸ್ಟ್ ಕಳಿಸಿರುವವರಿಗೆ: ನಿಮ್ಮ ಸಾಲುಗಳು ಹಳೆಯ ರೂಪದಲ್ಲೇ ಇದ್ದರೂ ಪರವಾಗಿಲ್ಲ. ಹೊಸ ಕಡತಕ್ಕೆ ನಾನೇ ಸೇರಿಸುತ್ತೇನೆ, ಕಮಿಟ್ ನಿಮ್ಮ ಹೆಸರಲ್ಲೇ ಇರುತ್ತದೆ.

ಬದಲಾಗದ್ದು: ಫಂಕ್ಷನ್‌ಗಳ ಹೆಸರು, ಟೆಸ್ಟ್ ಓಡಿಸುವ ರೀತಿ.

ಯಾರಿಗಾದರೂ ಇದರಿಂದ ತೊಂದರೆ ಅನ್ನಿಸಿದರೆ ಶನಿವಾರದೊಳಗೆ ಹೇಳಿ. ದಿನ ಮುಂದೂಡುತ್ತೇನೆ."

"ಬದಲಾಗದ್ದು" ಅನ್ನುವ ಭಾಗವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಜನಕ್ಕೆ ಜಾಸ್ತಿ ಧೈರ್ಯ ಕೊಡುವ ಭಾಗವೇ ಅದು. ಇನ್ನೊಂದು ವಿಷಯ, ಆ ಕೊನೆಯ ಸಾಲನ್ನು ಬರೆದ ಮೇಲೆ ನಿಜವಾಗಿಯೂ ದಿನ ಮುಂದೂಡಲು ಸಿದ್ಧವಿರಬೇಕು. ಇಲ್ಲದಿದ್ದರೆ ಆ ಸಾಲು ಬೇಡ.

ಸೂಚನೆಯನ್ನು ಇಶ್ಯೂ (ಪ್ರಾಜೆಕ್ಟ್ ಪುಟದಲ್ಲಿನ ಚರ್ಚೆಯ ಎಳೆ) ಆಗಿ ಹಾಕಿ, ಮೇಲೆ ಪಿನ್ ಮಾಡಿ. ವಾಟ್ಸಾಪ್ ಗುಂಪಿಗೆ ಅದರ ಕೊಂಡಿ ಮಾತ್ರ ಕಳಿಸಿ. ವಿಷಯ ಅಲ್ಲೇ ಚರ್ಚೆಯಾದರೆ ಆರು ತಿಂಗಳ ನಂತರ ಬರುವವರಿಗೆ ಅದು ಸಿಗುವುದಿಲ್ಲ.

ಇಡೀ ಕೋಡ್ ಒಮ್ಮೆಲೇ ಬದಲಾದಾಗ

2022ರ ಫೆಬ್ರವರಿಯಲ್ಲಿ ಜಾಂಗೋ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಸಾಧನ) ತಂಡ ತಮ್ಮ ಕೋಡನ್ನೆಲ್ಲ, ಸಾಲು, ಅಂತರಗಳನ್ನು ಒಂದೇ ಶೈಲಿಗೆ ತರುವ ಬ್ಲ್ಯಾಕ್ ಎಂಬ ಸಾಧನದಿಂದ ಹೊಸದಾಗಿ ಒಪ್ಪಗೊಳಿಸಿತು. ಇಂಥ ಕಡೆ ಎರಡು ಕಷ್ಟ. ತೆರೆದಿರುವ ಪುಲ್ ರಿಕ್ವೆಸ್ಟ್‌ಗಳಲ್ಲಿ ಕಾನ್‌ಫ್ಲಿಕ್ಟ್ (ಒಂದೇ ಜಾಗದಲ್ಲಿ ಎರಡು ಬದಲಾವಣೆಗಳ ಡಿಕ್ಕಿ) ಬರುತ್ತದೆ. ಜೊತೆಗೆ ಯಾವ ಸಾಲು ಯಾರದು ಅಂತ ಹೇಳುವ ಗಿಟ್ ಬ್ಲೇಮ್, ಬದಲಾದ ಸಾಲಿಗೆಲ್ಲ ಒಪ್ಪಗೊಳಿಸಿದವರ ಹೆಸರನ್ನೇ ತೋರಿಸುತ್ತದೆ. ಎರಡನೆಯದಕ್ಕೆ ಮದ್ದು ಇದೆ. 2019ರ ಆಗಸ್ಟ್‌ನಲ್ಲಿ ಬಂದ ಗಿಟ್ 2.23ರಿಂದ, ಬ್ಲೇಮ್ ಯಾವ ಕಮಿಟ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ಒಂದು ಕಡತದಲ್ಲಿ ಬರೆದಿಡಬಹುದು. ಜಾಂಗೋದವರೂ ಹಾಗೆಯೇ ಇಟ್ಟಿದ್ದಾರೆ. ಆ ಕಡತವನ್ನು ತಮ್ಮ ಗಿಟ್‌ಗೆ ಹೇಗೆ ಜೋಡಿಸಿಕೊಳ್ಳಬೇಕು ಅಂತ ಸೂಚನೆಯಲ್ಲಿ ಹೇಳಲೇಬೇಕು.

ಮೊದಲನೆಯ ಕಷ್ಟಕ್ಕೆ ದಾರಿಯನ್ನು ಹಂತ ಹಂತವಾಗಿ ಬರೆದುಕೊಡಿ. ಒಪ್ಪಗೊಳಿಸಿದ ಕಮಿಟ್‌ನ ತಕ್ಷಣದ ಹಿಂದಿನ ಕಮಿಟನ್ನು ಮೊದಲು ತಮ್ಮ ಬ್ರಾಂಚ್‌ಗೆ ಮರ್ಜ್ ಮಾಡಲಿ. ನಿಜವಾದ ಕಾನ್‌ಫ್ಲಿಕ್ಟ್ ಇದ್ದರೆ ಅಲ್ಲೇ ಬಿಡಿಸಲಿ. ಆಮೇಲೆ ಒಪ್ಪಗೊಳಿಸಿದ ಕಮಿಟನ್ನು ಮರ್ಜ್ ಮಾಡುವಾಗ, ಕಾನ್‌ಫ್ಲಿಕ್ಟ್ ಬಂದ ಕಡೆ ತಮ್ಮ ಸಾಲುಗಳನ್ನೇ ಇಟ್ಟುಕೊಳ್ಳಲಿ. ಕೊನೆಗೆ ಅದೇ ಸಾಧನವನ್ನು ತಮ್ಮ ಬ್ರಾಂಚ್ ಮೇಲೆ ಓಡಿಸಿ ಕಮಿಟ್ ಮಾಡಲಿ. ಎರಡೂ ಕಮಿಟ್‌ಗಳ ಗುರುತನ್ನು, ಬಳಸಿದ ಸಾಧನದ ಆವೃತ್ತಿಯನ್ನು ಸೂಚನೆಯಲ್ಲಿ ಕೊಡಿ. ಆವೃತ್ತಿ ಬೇರೆಯಾದರೆ ಫಲಿತಾಂಶವೂ ಬೇರೆಯಾಗಬಹುದು.

ಮುಖ್ಯ ಬ್ರಾಂಚ್‌ನ ಹೆಸರು ಬದಲಿಸುವಾಗಲೂ ಅಷ್ಟೇ. ಕೋಡ್ ಇಡುವ ತಾಣ ಗಿಟ್‌ಹಬ್ ತನ್ನ ಕಡೆ ಪುಲ್ ರಿಕ್ವೆಸ್ಟ್‌ಗಳನ್ನು ಹೊಸ ಹೆಸರಿಗೆ ತಿರುಗಿಸುತ್ತದೆ. ಜನರ ಲ್ಯಾಪ್‌ಟಾಪ್‌ನಲ್ಲಿರುವ ಪ್ರತಿ ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೆ ಬೇಕಾದ ಕಮಾಂಡ್‌ಗಳನ್ನು ಕಾಪಿ ಮಾಡಿ ಅಂಟಿಸುವ ಹಾಗೆ ಕೊಡಿ.

ಅನುವಾದಕರನ್ನು ಮರೆಯಬೇಡಿ

ತೆರೆಯ ಮೇಲಿನ ಇಂಗ್ಲಿಷ್ ವಾಕ್ಯದಲ್ಲಿ ಒಂದು ಚುಕ್ಕಿ ಬದಲಾದರೂ, ಅನುವಾದಗಳನ್ನು ಜೋಡಿಸುವ ಸಾಧನ ಗೆಟ್‌ಟೆಕ್ಸ್ಟ್ ಅದನ್ನು ಹೊಸ ವಾಕ್ಯ ಅಂತಲೇ ತಿಳಿಯುತ್ತದೆ. ಹಳೆಯ ಅನುವಾದದ ಮೇಲೆ 'ಫಜಿ' (ಮತ್ತೆ ನೋಡಬೇಕು) ಎಂಬ ಗುರುತು ಬೀಳುತ್ತದೆ. ಅಂಥ ಅನುವಾದ ಬಳಕೆಗೆ ಬರುವುದಿಲ್ಲ. ಕನ್ನಡದಲ್ಲಿ ನೋಡುತ್ತಿದ್ದವರಿಗೆ ಆ ಜಾಗದಲ್ಲಿ ಇಂಗ್ಲಿಷ್ ಕಾಣುತ್ತದೆ. ಕನ್ನಡ ಅನುವಾದ ಮಾಡುವವರು ಬೆರಳೆಣಿಕೆಯ ಜನ. ಬಿಡುಗಡೆಯ ಹಿಂದಿನ ದಿನ ನೂರು ವಾಕ್ಯ ತಲೆಯ ಮೇಲೆ ಹಾಕಿದರೆ ಅವರು ಏನು ಮಾಡಬೇಕು? ಲಿನಕ್ಸ್‌ನ ಡೆಸ್ಕ್‌ಟಾಪ್ ತಯಾರಿಸುವ ಗ್ನೋಮ್‌ನವರು ಪ್ರತಿ ಬಿಡುಗಡೆಗೆ ಮುಂಚೆ ವಾಕ್ಯಗಳನ್ನು ಬದಲಿಸುವುದನ್ನೇ ನಿಲ್ಲಿಸುತ್ತಾರೆ. ಆ ಅವಧಿಯಲ್ಲಿ ಬದಲಿಸಬೇಕಾದರೆ ಅನುವಾದ ತಂಡದ ಒಪ್ಪಿಗೆ ಬೇಕು. ಪ್ರಾಜೆಕ್ಟ್ ಎಷ್ಟೇ ಚಿಕ್ಕದಿರಲಿ, ಎರಡು ವಾರವಾದರೂ ಹೀಗೆ ಬಿಡಿ.

ದಿನದಿನದ ಬದಲಾವಣೆಗಳಿಗೆ ಪೈಥಾನ್‌ನವರ ಪದ್ಧತಿ ಚೆನ್ನಾಗಿದೆ. ಗಮನಿಸಬೇಕಾದ ಪ್ರತಿ ಬದಲಾವಣೆಯ ಜೊತೆಗೇ, ಅದರ ಬಗ್ಗೆ ಒಂದೆರಡು ಸಾಲಿನ ಪುಟ್ಟ ಕಡತ ಬರುತ್ತದೆ. ಬಿಡುಗಡೆಯ ಹೊತ್ತಿಗೆ ಅವನ್ನೆಲ್ಲ ಜೋಡಿಸುತ್ತಾರೆ. ಎಲ್ಲರೂ ಒಂದೇ ಕಡತದ ಒಂದೇ ಜಾಗದಲ್ಲಿ ಬರೆದು ಡಿಕ್ಕಿ ಹೊಡೆಯುವುದು ತಪ್ಪುತ್ತದೆ. ಇನ್ನು ತೆಗೆದುಹಾಕಲಿರುವುದರ ಪಟ್ಟಿಯನ್ನು ಕರ್ಲ್ (ಅಂತರ್ಜಾಲದಿಂದ ಕಡತ ತರುವ ಸಾಧನ) ಪ್ರಾಜೆಕ್ಟ್ ಪ್ರತ್ಯೇಕ ಕಡತದಲ್ಲೇ ಇಟ್ಟಿದೆ. ಆ ಪಟ್ಟಿ ನೋಡಿದವರು ನಾಳೆ ಹೋಗಲಿರುವ ಕೋಡ್ ಮೇಲೆ ವಾರಗಟ್ಟಲೆ ದುಡಿಯುವುದಿಲ್ಲ, ಅಲ್ವಾ?

ಬೇರೆಯವರ ಪ್ಯಾಚ್ ತಿದ್ದಿದರೆ

ಯಾರದೋ ಪ್ಯಾಚ್ (ಅವರು ಕಳಿಸಿದ ಕೋಡ್ ಬದಲಾವಣೆ) ತೆಗೆದುಕೊಂಡು ನೀವು ಎರಡು ಸಾಲು ತಿದ್ದಿ ಸೇರಿಸಿದಿರಿ ಅಂದುಕೊಳ್ಳಿ. ಅದನ್ನು ಅವರಿಗೆ ಹೇಳಿ, ಕಮಿಟ್‌ನಲ್ಲೂ ಬರೆಯಿರಿ. ಕರ್ನಲ್‌ನಲ್ಲಿ ನಿರ್ವಾಹಕರು ಚೌಕ ಆವರಣದೊಳಗೆ ತಮ್ಮ ವಿಳಾಸ ಹಾಕಿ, ತಾವು ಏನು ತಿದ್ದಿದೆವು ಅಂತ ಒಂದು ಸಾಲು ಸೇರಿಸುತ್ತಾರೆ. ನಾಳೆ ಆ ತಿದ್ದಿದ ಭಾಗದಲ್ಲಿ ದೋಷ ಸಿಕ್ಕರೆ ಮೂಲ ಬರೆದವರು ಮಾತು ಕೇಳಬೇಕಾಗಿಲ್ಲ.

ನಿಮ್ಮ ಬದಲಾವಣೆಯಿಂದ ಒಬ್ಬರ ಪುಲ್ ರಿಕ್ವೆಸ್ಟ್ ಬೇಡವೇ ಆಗಿಹೋದರೆ, ಅದನ್ನು ಹಾಗೇ ಮುಚ್ಚಬೇಡಿ. ಯಾವ ಕಮಿಟ್‌ನಿಂದ ಅದು ಬೇಡವಾಯಿತು ಅಂತ ಕೊಂಡಿ ಕೊಡಿ. ಅವರು ಬರೆದ ಟೆಸ್ಟ್ ಇನ್ನೂ ಉಪಯೋಗಕ್ಕೆ ಬರುತ್ತದಾ ನೋಡಿ. ಹೆಚ್ಚಿನ ಸಲ ಬರುತ್ತದೆ. ಅದನ್ನು ಮಾತ್ರ ಬೇರೆ ಮಾಡಿ ಕಳಿಸಲು ಕೇಳಿ. ಅವರಿಗೆ ಪುರುಸೊತ್ತಿಲ್ಲ ಅಂದರೆ ನೀವೇ ತೆಗೆದುಕೊಂಡು ಅವರ ಹೆಸರಲ್ಲಿ ಸೇರಿಸಿ.