ತೆಂಗಿಗೆ ಇರುವುದು ಒಂದೇ ಸುಳಿ

ನಮ್ಮ ಮನೆ ಮುಂದಿನ ತೆಂಗಿನ ಮರಕ್ಕೂ ನನ್ನ ಕಿರಿ ಮಗಳಿಗೂ ಒಂದೇ ವಯಸ್ಸು. ಮೈಸೂರಿನಲ್ಲಿ 40-60 ಸೈಟು ಕೊಂಡು ಮನೆ ಕಟ್ಟಿದ ವರ್ಷ, ಮದ್ದೂರಿನ ಹತ್ತಿರದ ನನ್ನ ತವರಿನಿಂದ ಅಪ್ಪ ಎರಡು ಸಸಿ ತಂದರು. ಗೋಣಿಚೀಲ ಸುತ್ತಿ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದಿದ್ದರು. ಒಂದು ಉಳಿಯಿತು, ಒಂದು ಸತ್ತಿತು. ಸತ್ತದ್ದು ನನ್ನಿಂದಲೇ. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಬೀದಿಯಲ್ಲಿ ಯಾರ ಮನೆಯ ಪಾಮ್ ಹಳದಿಯಾದರೂ ನನ್ನನ್ನೇ ಕರೆಯುತ್ತಾರೆ. ಹೋಗಿ ನೋಡಿದರೆ ಹತ್ತರಲ್ಲಿ ಆರು ಕಡೆ ರೋಗವೇ ಇರುವುದಿಲ್ಲ. ಗಿಡ ನೀಟಾಗಿ ಕಾಣಲಿ ಅಂತ ಯಾರೋ ಕತ್ತಿ ಆಡಿಸಿರುತ್ತಾರೆ, ಅಷ್ಟೇ.

ಮಾವಿನ ಕೊಂಬೆ ಕಡಿದರೆ ಪಕ್ಕದಲ್ಲಿ ಚಿಗುರುತ್ತದೆ. ತೆಂಗು, ಅಡಿಕೆ, ಈಚಲು, ಪೇಟೆಯಲ್ಲಿ ಸಿಗುವ ರಾಯಲ್ ಪಾಮ್, ಫಾಕ್ಸ್‌ಟೇಲ್ ಪಾಮ್ ಎಲ್ಲವೂ ಪಾಮ್ ಅನ್ನುವ ಒಂದೇ ಕುಟುಂಬದ ಬಂಧುಗಳು. ಇವಕ್ಕೆ ನೆತ್ತಿಯಲ್ಲಿ ಒಂದೇ ಒಂದು ಸುಳಿ, ಅಂದರೆ ಹೊಸ ಗರಿ ಹುಟ್ಟುವ ಮೊಗ್ಗು. ಅದು ಹೋದರೆ ಕಾಂಡವೂ ಹೋಯಿತು. ಕುಂಡದ ಅರೆಕಾ ಪಾಮ್ ಗುಂಪಾಗಿ ಬೆಳೆಯುತ್ತದಲ್ವಾ, ಅದರಲ್ಲೂ ಒಂದೊಂದು ಕಾಂಡಕ್ಕೆ ಒಂದೊಂದೇ ಸುಳಿ. ಇನ್ನೊಂದು ವಿಷಯ: ಇವುಗಳ ಕಾಂಡಕ್ಕೆ ಗಾಯವಾದರೆ ಮುಚ್ಚಿಕೊಳ್ಳುವುದಿಲ್ಲ. ಬೇರೆ ಮರಗಳಂತೆ ತೊಗಟೆಯ ಕೆಳಗೆ ಹೊಸ ಪದರ ಬೆಳೆಯುವ ಏರ್ಪಾಡೇ ಇಲ್ಲ. ಇವತ್ತು ಹೊಡೆದ ಮೊಳೆಯ ತೂತು ಇಪ್ಪತ್ತು ವರ್ಷವಾದರೂ ತೂತಾಗಿಯೇ ಇರುತ್ತದೆ. ದಸರಾ ಬಂದರೆ ಸೀರಿಯಲ್ ಸೆಟ್ ಕಟ್ಟಲು ಮೊಳೆ ಹೊಡೆಯುತ್ತಾರೆ, ಬಟ್ಟೆ ಒಣಗಿಸುವ ತಂತಿಗೂ ಅದೇ ಮೊಳೆ. ಮೊಳೆಯ ಬದಲು ಹಗ್ಗ ಸುತ್ತಿ ಕಟ್ಟಿ, ಹಬ್ಬ ಮುಗಿದ ಮೇಲೆ ಬಿಚ್ಚಿ. ಕಾಂಡ ಕೊರೆಯುವ ಕೆಂಪು ಮೂತಿ ಹುಳು ಮೊಟ್ಟೆ ಇಡಲು ಹುಡುಕುವುದು ಇಂಥ ಗಾಯವನ್ನೇ. ಮರ ಹತ್ತುವವರು ಕಾಲಿಡಲು ಮೆಟ್ಟಿಲು ಕಡಿಯುವುದಕ್ಕೂ ನಾನು ಬಿಡುವುದಿಲ್ಲ. ಹತ್ತುವ ಯಂತ್ರ ಇರುವವರನ್ನೇ ಕರೆಸುತ್ತೇನೆ. ನೂರು ರೂಪಾಯಿ ಜಾಸ್ತಿ ಆಗಲಿ.

ನೆಡುವ ಮೊದಲು ಕತ್ತೆತ್ತಿ ಮೇಲೆ ನೋಡಿ. ಕರೆಂಟಿನ ತಂತಿ ಇದ್ದರೆ ಆ ಜಾಗ ಬಿಡಿ. ತೆಂಗಿನ ಗರಿ ಸುತ್ತಲೂ ಹನ್ನೆರಡು ಹದಿಮೂರು ಅಡಿ ಚಾಚುತ್ತದೆ. ಕಾಂಪೌಂಡಿನಿಂದ ಮೂರು ಅಡಿಗೆ ನೆಟ್ಟರೆ ಅರ್ಧ ಮರ ಪಕ್ಕದ ಮನೆಯವರದ್ದು. ಕಾಯಿ ಬಿದ್ದರೆ ಜಗಳ ಮಾತ್ರ ಪೂರ್ತಿ ನಿಮ್ಮದು. ಎರಡು ತೆಂಗು ನೆಡುವುದಾದರೆ ನಡುವೆ 25 ಅಡಿಯಾದರೂ ಇರಲಿ. ತೆಂಗಿನ ಬೇರು ಪಾಯ ಎತ್ತುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಆಲದ ಬೇರಿನಂತೆ ಇದು ದಪ್ಪವಾಗುವುದಿಲ್ಲ, ಹಗ್ಗದಷ್ಟೇ ಇರುತ್ತದೆ. ಆದರೆ ಸೋರುವ ಚರಂಡಿ ಪೈಪು, ಬಿರುಕು ಬಿಟ್ಟ ಸಂಪು ಸಿಕ್ಕಿದರೆ ಒಳಗೆ ಹೋಗಿ ಜಡೆ ಹಾಕುತ್ತದೆ. ಸಂಪಿನಿಂದ ದೂರ ಇರಲಿ.

30-40 ಸೈಟಿನವರಿಗೆ ನಾನು ಹೇಳುವುದು ಅಡಿಕೆ. ನಾಲ್ಕೈದು ಅಡಿ ಜಾಗ ಸಾಕು, ನೋಡಲೂ ಲಕ್ಷಣ. ಪಡುವಣ ಬಿಸಿಲು ಮಾತ್ರ ಅದಕ್ಕೆ ಆಗದು. ಮಧ್ಯಾಹ್ನದ ಬಿಸಿಲು ನೇರ ಬಡಿದರೆ ಕಾಂಡ ಸುಟ್ಟು ಸೀಳುತ್ತದೆ. ಮನೆಯ ಪೂರ್ವಕ್ಕೆ ನೆಡಿ, ಇಲ್ಲದಿದ್ದರೆ ಎಳೆಯ ಕಾಂಡಕ್ಕೆ ಅಡಿಕೆ ಹಾಳೆಯನ್ನೇ ಸುತ್ತಿ ಕಟ್ಟಿ. ಎಳನೀರು ಬೇಕೇ ಬೇಕು ಅನ್ನುವವರು ಚೌಘಾಟ್ ಕಿತ್ತಳೆ ಗಿಡ್ಡ ತಳಿ ಹಾಕಿಕೊಳ್ಳಬಹುದು. ಮೂರು ನಾಲ್ಕು ವರ್ಷಕ್ಕೆ ಫಸಲು. ಅಡುಗೆಗೆ ಕಾಯಿ ಬೇಕು, ತಾಳಿಕೆ ಬೇಕು ಅಂದರೆ ತಿಪಟೂರು ಎತ್ತರದ ತಳಿ. ಅದು ಆರೇಳು ವರ್ಷ ಕಾಯಿಸುತ್ತದೆ, ಆಮೇಲೆ ಮೊಮ್ಮಕ್ಕಳ ಕಾಲಕ್ಕೂ ಕಾಯಿ ಕೊಡುತ್ತದೆ.

ನರ್ಸರಿಯಲ್ಲಿ ಹೆಸರು ನಂಬಬೇಡಿ, ಗಿಡ ನೋಡಿ. ಬಾಟಲ್ ಪಾಮ್ ಅಂತ ಹೇಳಿ ನನಗೊಬ್ಬರು ಒಂದು ಗಿಡ ಕೊಟ್ಟರು. ಬುಡ ಬಾಟಲಿಯಂತೆಯೇ ದಪ್ಪಗಿತ್ತು. ನಿಜವಾದ ಬಾಟಲ್ ಪಾಮ್ ಮಾರಿಷಸ್ ಕಡೆಯದು, ಹತ್ತು ಅಡಿ ದಾಟುವುದೇ ಕಷ್ಟ. ನನ್ನದು ನೋಡನೋಡುತ್ತ ಮಹಡಿ ದಾಟಿತು. ಅದು ರಾಯಲ್ ಪಾಮ್. ಎಳೆಯದರಲ್ಲಿ ಅದರ ಬುಡವೂ ಹಾಗೇ ಉಬ್ಬಿರುತ್ತದೆ, ಬೆಳೆದರೆ ಅರವತ್ತು ಅಡಿ. ಒಣಗಿದ ಗರಿಯನ್ನು ಅದು ತಾನೇ ಕಳಚಿ ಹಾಕುತ್ತದೆ. ರಾತ್ರಿ ಧೊಪ್ಪೆಂದು ಬಿದ್ದಾಗ ನಮ್ಮವರು ಕಳ್ಳ ಬಂದ ಅಂತ ಟಾರ್ಚು ಹಿಡಿದು ಓಡಿದ್ದರು. ಕಾರು ನಿಲ್ಲಿಸುವ ಕಡೆ ಅದನ್ನು ನೆಡಬೇಡಿ. ಅಂದ ಹಾಗೆ, ಸೈಕಸ್ ಅನ್ನುವ ಗಿಡ ಪಾಮೇ ಅಲ್ಲ. ನೋಡಲು ಹಾಗಿದೆ ಅಷ್ಟೇ. ಅದರ ಬೀಜ ವಿಷ, ಮನೆಯಲ್ಲಿ ನಾಯಿ, ಪುಟ್ಟ ಮಕ್ಕಳು ಇದ್ದರೆ ಹುಷಾರು.

ತೆಂಗಿನ ಸಸಿ ಆರಿಸುವಾಗ ಒಂಬತ್ತು ತಿಂಗಳಿಂದ ಒಂದು ವರ್ಷದ್ದು ತೆಗೆದುಕೊಳ್ಳಿ. ಕಾಯಿಯಿಂದ ಮೊಳಕೆ ಹೊರಡುವ ಕತ್ತು ದಪ್ಪಗಿರಬೇಕು, ಆರು ಎಲೆಯಾದರೂ ಇರಬೇಕು, ಎಲೆ ಬೇಗ ಸೀಳಿಕೊಂಡಿದ್ದರೆ ಇನ್ನೂ ಒಳ್ಳೆಯದು. ಉದ್ದ ಇದೆ ಅಂತ ಸೊರಗಿದ್ದನ್ನು ತರಬೇಡಿ. ಮೈಸೂರಿನ ಕೆಂಪು ಮಣ್ಣಿಗೆ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ಬೇಕು. ತಳಕ್ಕೆ ತೆಂಗಿನ ಸಿಪ್ಪೆಯನ್ನು ಎರಡು ಸಾಲು ಜೋಡಿಸಿ, ಒಳಮೈ ಮೇಲಕ್ಕೆ ಇರಲಿ. ಬಟ್ಟಲಿನಂತೆ ನೀರು ಹಿಡಿಯುತ್ತದೆ, ಐದಾರು ವರ್ಷ ಕರಗುವುದಿಲ್ಲ. ಮೇಲೆ ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು, ಎರಡು ಹಿಡಿ ಬೇವಿನ ಹಿಂಡಿ. ಸಸಿಯ ಕಾಯಿ ಮಣ್ಣಲ್ಲಿ ಇಳಿಯಲಿ, ಕತ್ತು ಮಾತ್ರ ಹೂಳಬೇಡಿ. ಮಳೆಗೆ ಮಣ್ಣು ಜಾರಿ ಕತ್ತಿನ ಸಂದಿಗೆ ಬಿದ್ದರೆ ಆಗಾಗ ಕೈಯಿಂದ ಬಿಡಿಸಿ, ಇಲ್ಲದಿದ್ದರೆ ಅಲ್ಲೇ ಕೊಳೆಯುತ್ತದೆ. ಮೊದಲ ಎರಡು ಬೇಸಿಗೆ ಪಡುವಣಕ್ಕೆ ಒಂದು ತೆಂಗಿನ ಗರಿ ನೆಟ್ಟು ನೆರಳು ಮಾಡಿ.

ಮಂಡ್ಯದ ನಾಲೆ ಬಯಲಿನ ಲೆಕ್ಕ ಬೇರೆ. ಅಲ್ಲಿ ಗದ್ದೆ ಮಣ್ಣು, ಎರಡು ಅಡಿ ಅಗೆದರೆ ನೀರು. ಅಂಥ ಕಡೆ ಗುಂಡಿ ತೋಡಿದರೆ ಸಸಿಗೆ ಬಾವಿ ತೋಡಿದ ಹಾಗೆ. ದಿಬ್ಬ ಹಾಕಿ, ದಿಬ್ಬದ ಮೇಲೆ ನೆಡಬೇಕು.

ಈಗ ಆ ಸತ್ತ ಸಸಿಯ ಕಥೆ. ಗೊಬ್ಬರ ಹತ್ತಿರದಲ್ಲೇ ಸಿಗಲಿ ಅಂತ ಸಸಿಯಿಂದ ನಾಲ್ಕು ಅಡಿಗೆ ತಿಪ್ಪೆಗುಂಡಿ ಮಾಡಿದ್ದೆ. ಸಗಣಿ, ಕಸ, ಅಡುಗೆಮನೆಯ ಸಿಪ್ಪೆ ಎಲ್ಲ ಅದಕ್ಕೆ. ಎರಡನೇ ವರ್ಷ ಹೊಸ ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗಿತ್ತು. ಮಕ್ಕಳ ಕೆಲಸ ಅಂದುಕೊಂಡು ಬೈದೆ ಕೂಡ. ಅದು ಕೊಂಬಿನ ದುಂಬಿ. ಸುಳಿಯೊಳಗೆ ಕೊರೆದು, ಮಡಚಿದ್ದ ಎಳೆ ಗರಿಯನ್ನು ತಿಂದಿತ್ತು. ತಿಪ್ಪೆ ಅಗೆದರೆ ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆ ಹುಳುಗಳು. ದುಂಬಿಗೆ ನಾನೇ ಬಾಣಂತಿ ಕೋಣೆ ಕಟ್ಟಿಕೊಟ್ಟಿದ್ದೆ! ತಿಂಗಳೊಳಗೆ ಸುಳಿ ಬಾಡಿತು.

ತಿಪ್ಪೆ ದೂರ ಇರಲಿ. ಎರಡು ತಿಂಗಳಿಗೊಮ್ಮೆ ತಿರುವಿ ಹಾಕಿ, ಹುಳು ಕಂಡರೆ ಕೋಳಿಗೆ, ಕಾಗೆಗೆ ಎಸೆಯಿರಿ. ಎಳೆ ಗಿಡದ ಸುಳಿಯ ಸುತ್ತಲಿನ ಮೂರು ಗರಿಗಳ ಸಂದಿಗೆ ಒಂದೊಂದು ನುಸಿಗುಳಿಗೆ ಇಟ್ಟು ಮೇಲೆ ಮರಳು ಮುಚ್ಚಿ. ಒಂದೂವರೆ ತಿಂಗಳಿಗೊಮ್ಮೆ ಬದಲಿಸಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಮರಳಿಗೆ ಬೇವಿನ ಹಿಂಡಿ ಪುಡಿ ಬೆರೆಸಿ ತುಂಬಿದರೂ ಆಗುತ್ತದೆ. ಗಿಡದಲ್ಲಿ ತೂತು, ಅದರ ಬಾಯಲ್ಲಿ ಅಗಿದ ನಾರು ಕಂಡರೆ ತುದಿ ಬಗ್ಗಿಸಿದ ಕಂಬಿ ಹಾಕಿ ದುಂಬಿಯನ್ನು ಎಳೆದು ತೆಗೆಯಬಹುದು. ನಮ್ಮವರು ಹಳೆಯ ಛತ್ರಿ ಕಡ್ಡಿಯಲ್ಲಿ ತೆಗೆಯುತ್ತಿದ್ದರು.

ಗರಿ ಕಡಿಯುವ ವಿಷಯಕ್ಕೆ ಬರೋಣ. ದೊಡ್ಡ ಮಗಳ ಮದುವೆ ಚಪ್ಪರಕ್ಕೆ ಅಂತ ಹತ್ತು ಹಸಿರು ಗರಿ ಕಡಿಸಿದೆವು. ಮುಂದಿನ ವರ್ಷ ಕಾಯಿ ಅರ್ಧಕ್ಕಿಳಿಯಿತು. ತೆಂಗಿನಲ್ಲಿ ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ ಹುಟ್ಟುತ್ತದೆ. ಮೇಲಿನ ಗೊನೆಗೆ ಆ ಮಟ್ಟೆಯೇ ಆಸರೆ. ಕಡಿದರೆ ಗೊನೆ ಜೋತು ಬೀಳುತ್ತದೆ, ಹರಳು, ಅಂದರೆ ಎಳೆ ಮಿಡಿ, ಉದುರುತ್ತದೆ. ಚೆನ್ನಾಗಿರುವ ಮರದಲ್ಲಿ ಮೂವತ್ತು, ಮೂವತ್ತೈದು ಗರಿ ಇರಬೇಕು. ಕೆಳಗಿನ ಗರಿ ಹಳದಿಯಾಗಿದೆ ಅಂತಲೂ ಕಡಿಯಬೇಡಿ. ಪೊಟ್ಯಾಷ್ ಕಮ್ಮಿಯಾದಾಗ ಮರ ಹಳೆ ಗರಿಯಿಂದ ಅದನ್ನು ಹೀರಿ ಸುಳಿಗೆ ಕಳಿಸುತ್ತದೆ. ನೀವು ಹಳದಿ ಗರಿ ತೆಗೆದರೆ ಅದು ಮೇಲಿನ ಹಸಿರು ಗರಿಗೆ ಕೈ ಹಾಕುತ್ತದೆ. ಪೂರ್ತಿ ಕಂದಾಗಿ ಒಣಗಿದ ಮೇಲೆ ತೆಗೆಯಿರಿ. ಅಡಿಕೆ, ರಾಯಲ್ ಪಾಮ್ ಇವನ್ನಂತೂ ಮುಟ್ಟಲೇಬೇಡಿ, ತಾವೇ ಉದುರಿಸಿಕೊಳ್ಳುತ್ತವೆ.

ಹಳದಿಯಲ್ಲೂ ಎರಡು ಬಗೆ. ಹಳೆ ಗರಿಯ ತುದಿ ಸುಟ್ಟಂತಾಗಿ ಕಿತ್ತಳೆ ಚುಕ್ಕೆ ಬಂದರೆ ಪೊಟ್ಯಾಷ್ ಕೊರತೆ. ನಡುವೆ ಹಸಿರು ಪಟ್ಟಿ ಉಳಿದು ಅಂಚು ಹಳದಿಯಾದರೆ ಮೆಗ್ನೀಷಿಯಂ ಕೊರತೆ, ವರ್ಷಕ್ಕೆ ಅರ್ಧ ಕೆ.ಜಿ. ಮೆಗ್ನೀಷಿಯಂ ಸಲ್ಫೇಟ್ ಹಾಕಿ. ಫಸಲು ಕೊಡುವ ತೆಂಗಿಗೆ ವರ್ಷಕ್ಕೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ, 1 ಕೆ.ಜಿ. ಯೂರಿಯಾ, 2 ಕೆ.ಜಿ. ಸೂಪರ್ ಫಾಸ್ಫೇಟ್, 2 ಕೆ.ಜಿ. ಪೊಟ್ಯಾಷ್. ಮೂರರಲ್ಲಿ ಒಂದು ಪಾಲು ಮುಂಗಾರಿನ ಶುರುವಿಗೆ, ಉಳಿದದ್ದು ದಸರಾ ಹೊತ್ತಿಗೆ. ಬುಡಕ್ಕೆ ಅಂಟಿಸಿ ಸುರಿಯಬೇಡಿ. ನೀರು, ಗೊಬ್ಬರ ಕುಡಿಯುವ ಬೇರು ಇರುವುದು ಎರಡರಿಂದ ಆರು ಅಡಿ ದೂರದಲ್ಲಿ. ಪಾತಿಯೂ ಅಷ್ಟೇ ಅಗಲ ಇರಬೇಕು. ಬುಡಕ್ಕೆ ಉಪ್ಪು ಹಾಕುವ ಪದ್ಧತಿ ನಮ್ಮೂರಲ್ಲೂ ಇತ್ತು. ತೆಂಗಿಗೆ ಕ್ಲೋರಿನ್ ಬೇಕು ನಿಜ. ಆದರೆ ಅಂಗಡಿಯ ಪೊಟ್ಯಾಷ್‌ನಲ್ಲೇ ಅದು ಇದೆ. ಬೋರ್‌ವೆಲ್ ನೀರು ಮೊದಲೇ ಉಪ್ಪುಪ್ಪಾಗಿರುವಾಗ ಸುಮ್ನೆ ಇನ್ನಷ್ಟು ಉಪ್ಪು ಯಾಕೆ?

ನೀರು ಬೇಸಿಗೆಯಲ್ಲಿ ದಿನಕ್ಕೆ 40-50 ಲೀಟರ್. ಪಾತ್ರೆ ತೊಳೆದ, ಬಟ್ಟೆ ಒಗೆದ ನೀರು ಬಿಡುವವರು ಸೋಪು ಜಾಸ್ತಿ ಇರುವ ಮೊದಲ ನೀರನ್ನು ಬಿಟ್ಟು ಜಾಲಿಸಿದ ನೀರು ಬಿಡಿ. ಪಾತಿಯ ಮೇಲೆ ಸಿಪ್ಪೆ ಹರಡುವಾಗ ಈಗ ಬೆನ್ನು ಮೇಲಕ್ಕೆ, ಒಳಮೈ ಕೆಳಕ್ಕೆ. ನೆಲ ತಂಪಾಗಿರುತ್ತದೆ, ನೀರು ನಿಂತು ಸೊಳ್ಳೆಯೂ ಆಗುವುದಿಲ್ಲ.

ನುಸಿ ಪೀಡೆ 1998ರಲ್ಲಿ ಕೇರಳದಲ್ಲಿ ಕಾಣಿಸಿ, ಬೇಗನೇ ನಮ್ಮ ಮಂಡ್ಯ, ಮೈಸೂರಿಗೂ ಬಂತು. ಎಳೆ ಕಾಯಿಯ ತೊಟ್ಟಿನ ಕೆಳಗೆ ಮೂರು ಮೂಲೆಯ ಬಿಳಿ ಗುರುತು, ಆಮೇಲೆ ಕಂದು, ಆಮೇಲೆ ಬಿರುಕು. ಒಂದು ಲೀಟರ್ ನೀರಿಗೆ 20 ಮಿ.ಲೀ. ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದ ರಸ, 5 ಗ್ರಾಂ ಸೋಪು ಕಲಸಿ ಎಳೆ ಗೊನೆಗಳಿಗೆ ಸಿಂಪಡಿಸಬೇಕು. ಈಚೆಗೆ ಬಿಳಿ ನೊಣದ ಕಾಟ ಜಾಸ್ತಿ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಕಂಡದ್ದು ಎಲ್ಲ ಕಡೆ ಹರಡಿತು. ಗರಿಯ ಅಡಿಗೆ ಬಿಳಿ ಸುರುಳಿ, ಕೆಳಗಿನ ಗಿಡಗಳ ಮೇಲೆಲ್ಲ ಕಾಡಿಗೆ ಸುರಿದ ಹಾಗೆ. ಗಾಬರಿಯಾಗಿ ವಿಷ ಹೊಡೆಸಬೇಡಿ. ಆ ನೊಣವನ್ನು ಕೊಲ್ಲುವ ಒಂದು ಪುಟ್ಟ ಕಣಜವಿದೆ, ವಿಷಕ್ಕೆ ಮೊದಲು ಸಾಯುವುದು ಅದೇ. ಪೈಪಿನಲ್ಲಿ ಜೋರಾಗಿ ನೀರು ಹೊಡೆಯಿರಿ. ಕಪ್ಪು ಹಿಡಿದ ಎಲೆಗೆ ತೆಳ್ಳಗಿನ ಗಂಜಿ ಸಿಂಪಡಿಸಿ, ಒಣಗಿದ ಮೇಲೆ ಕಪ್ಪು ಹಪ್ಪಳದಂತೆ ಏಳುತ್ತದೆ. ಹಳದಿ ಹಾಳೆಗೆ ಹರಳೆಣ್ಣೆ ಸವರಿ ಕಟ್ಟಿದರೆ ನೊಣ ಅಂಟಿಕೊಳ್ಳುತ್ತದೆ.

ವರಾಂಡದ ಅರೆಕಾ ಪಾಮ್‌ಗೆ ಎರಡೇ ಮಾತು. ತುದಿ ಒಣಗುತ್ತಿದ್ದರೆ ಅದು ಹೆಚ್ಚಾಗಿ ಗಡಸು ನೀರಿನ ಕೆಲಸ, ಮಳೆ ನೀರು ಹಿಡಿದಿಟ್ಟು ಹಾಕಿ. ಮಾರ್ಚ್, ಏಪ್ರಿಲ್‌ನಲ್ಲಿ ಎಲೆ ಮಂಕಾದರೆ ಅಡಿಯಲ್ಲಿ ಜೇಡ ನುಸಿ ಇದೆಯೇ ನೋಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಸುಳಿ ನೋಡುವುದನ್ನು ಮಾತ್ರ ಮರೆಯಬೇಡಿ. ನಡುವಿನ ಎಳೆ ಗರಿ ಪೇಲವವಾಗಿ, ಎಳೆದರೆ ಕೈಗೆ ಬಂದು, ಕೆಟ್ಟ ವಾಸನೆ ಹೊಡೆದರೆ ಅದು ಸುಳಿ ಕೊಳೆ. ಬೇಗ ಕಂಡರೆ ಉಳಿಸಬಹುದು. ಕೊಳೆತ ಭಾಗವನ್ನು ಚೂಪು ಚಾಕುವಿನಲ್ಲಿ ಪೂರ್ತಿ ತೆಗೆದು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮುಲಾಮು ಹಚ್ಚಿ, ಮಳೆ ನೀರು ಇಳಿಯದಂತೆ ಮೇಲೊಂದು ಮಡಕೆ ಬೋರಲು ಹಾಕಿ. ಹೊಸ ಗರಿ ಮೂತಿ ತೋರಿಸುವವರೆಗೂ ಮಡಕೆ ಹಾಗೇ ಇರಲಿ.

ಮಂಡ್ಯದಲ್ಲಿ ಮೊಮ್ಮಗ ಈಗ ಮನೆ ಕಟ್ಟಿದ್ದಾನೆ. ನಮ್ಮ ಮರದ್ದೇ ಕಾಯಿ ಇಟ್ಟು ಮೊಳಕೆ ಬರಿಸಿದ್ದೇನೆ, ಏಳು ಎಲೆ ಬಂದಿದೆ. ದಿಬ್ಬಕ್ಕೆ ಮಣ್ಣು ಹೊಡೆಸು ಅಂತ ಹೇಳಿದ್ದೇನೆ. ತಿಪ್ಪೆ ಎಲ್ಲಿ ಹಾಕುತ್ತೀಯ ಅಂತ ಕೇಳಿದರೆ, "ಅಜ್ಜಿ, ತಿಪ್ಪೆ ಎಲ್ಲಿ, ನಾವು ಕಂಪೋಸ್ಟ್ ಡ್ರಮ್ಮು ತಗೊಂಡಿದೀವಿ" ಅಂದ. ಡ್ರಮ್ಮಿಗೆ ಮುಚ್ಚಳ ಇದೆಯೇನೋ ಅಂದೆ.