ಜೈಲಿನಿಂದ ಬಂದ ಮೇಲೆ ಮೊದಲು ಸಿಮ್, ಆಮೇಲೆ ಕೆಲಸ

ಧಾರವಾಡ ಕೇಂದ್ರ ಕಾರಾಗೃಹದಲ್ಲಿ ಶಿಕ್ಷೆ ಮುಗಿಸಿ ಊರಿಗೆ ಬಂದವರು ಮರುದಿನವೇ ಕೆಲಸ ಹುಡುಕಲು ಹೊರಡುತ್ತಾರೆ. ಮನೆಯವರ ಒತ್ತಾಯವೂ ಅದೇ. ಆದರೆ ಮೊದಲ ಹದಿನೈದು ದಿನ ಕಾಗದಪತ್ರಕ್ಕೆ ಕೊಡಿ. ಅವು ಸರಿ ಇಲ್ಲದಿದ್ದರೆ ದುಡಿದ ಪಗಾರ ಕೈಗೆ ಬರುವುದೂ ಕಷ್ಟ.

ಬಿಡುಗಡೆಗೆ ಮುಂಚೆ

ದಂಡ ಕಟ್ಟಿದೆಯಾ ಎಂದು ಮನೆಯವರು ವಿಚಾರಿಸಿಕೊಳ್ಳಬೇಕು. ಬಾಕಿ ಇದ್ದರೆ ಅದಕ್ಕೆ ಬೇರೆಯೇ ಜೈಲುವಾಸ ಇರುತ್ತದೆ. ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ 25,000 ರೂಪಾಯಿವರೆಗಿನ ದಂಡಕ್ಕೆ ನೆರವುಂಟು. ಕೆಲವು ಬಗೆಯ ಅಪರಾಧಕ್ಕೆ ಈ ನೆರವು ಸಿಗುವುದಿಲ್ಲ, ಜೈಲಿನ ಅಧಿಕಾರಿಗಳನ್ನೇ ಕೇಳಿ. ಹೊರಡುವಾಗ ಬಿಡುಗಡೆ ಪತ್ರ, ಒಳಗೆ ದುಡಿದ ಕೂಲಿ, ತರಬೇತಿಯ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಮೊದಲ ಹದಿನೈದು ದಿನ

ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ರೀಚಾರ್ಜ್ ಇಲ್ಲದೆ ಹಳೇ ನಂಬರ್ ಬಂದ್ ಆಗಿರುತ್ತದೆ. ಆಧಾರ್‌ಗೆ ಜೋಡಿಸಿದ್ದು ಅದೇ ನಂಬರ್. ಓಟಿಪಿ ಬರುವುದಿಲ್ಲ. ಓಟಿಪಿ ಇಲ್ಲದೆ ಬ್ಯಾಂಕ್, ಪಡಿತರದ ಎಷ್ಟೋ ಕೆಲಸ ಮುಂದೆ ಸರಿಯುವುದಿಲ್ಲ. ಆದ್ದರಿಂದ ಹೀಗೆ ಮಾಡಿ: ಹೆಬ್ಬೆಟ್ಟು ಕೊಟ್ಟು ಹೊಸ ಸಿಮ್ ತೆಗೆದುಕೊಳ್ಳಿ. ಅದನ್ನು ಹಿಡಿದು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ. ಇದಕ್ಕೆ ಬೇರೆ ದಾಖಲೆ ಬೇಕಿಲ್ಲ, ನೀವೇ ಹೋಗಬೇಕು ಅಷ್ಟೇ. ಆಮೇಲೆ ಬ್ಯಾಂಕ್. ಎರಡು ವರ್ಷ ವಹಿವಾಟು ಇಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ. ಕೆವೈಸಿ (ಗುರುತು, ವಿಳಾಸದ ದಾಖಲೆ) ಕೊಟ್ಟರೆ ಮತ್ತೆ ಚಾಲೂ ಮಾಡಿಕೊಡುತ್ತಾರೆ, ಅದಕ್ಕೆ ಶುಲ್ಕವಿಲ್ಲ. ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ ಹೆಸರು ಉಳಿದಿದೆಯಾ ನೋಡಿ. ಶಿಕ್ಷೆ ಮುಗಿಸಿ ಬಂದವರಿಗೆ ಮತ ಹಾಕುವ ಹಕ್ಕಿದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಕೆಲಸ ಕೇಳುವಾಗ

ಅಮರಗೋಳದ ಎಪಿಎಂಸಿ, ತಾರಿಹಾಳದ ಕಾರ್ಖಾನೆಗಳು, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ: ಎಲ್ಲೇ ಕೇಳಿ, ಜೈಲಿನ ವಿಷಯ ಮುಚ್ಚಿಡಬೇಡಿ. ನಮ್ಮ ಕಡೆ ಸುದ್ದಿ ಹೇಗೂ ಮುಟ್ಟುತ್ತದೆ. ಬೇರೆಯವರ ಬಾಯಿಂದ ಕೇಳಿದ ಮಾಲೀಕರಿಗೆ ನಿಮ್ಮ ಮೇಲೆ ಮತ್ತೆ ನಂಬಿಕೆ ಬರುವುದು ಕಷ್ಟ. ಉದ್ದುದ್ದ ಕಥೆ ಬೇಡ, ಇಷ್ಟು ಸಾಕು: "ಸಾವ್ಕಾರ್ರ, ಒಂದು ಮಾತು ಮೊದಲ ಹೇಳತೀನ್ರಿ. ನಾ ಮೂರು ವರ್ಷ ಜೈಲಿನ್ಯಾಗ ಇದ್ದೆ. ಶಿಕ್ಷೆ ಮುಗಿಸೇ ಬಂದೀನಿ. ಎಂಟು ದಿನ ನನ್ನ ಕೆಲಸ ನೋಡ್ರಿ, ಆಮ್ಯಾಲೆ ನೀವ ಹೇಳ್ರಿ." ಕೆಲವರು ಬೇಡ ಅನ್ನುತ್ತಾರೆ. ಮುಂದಿನ ಅಂಗಡಿಗೆ ಹೋಗಿ. ಪರಿಚಯದ ಒಬ್ಬ ಹಿರಿಯರು ಜೊತೆಗೆ ಬಂದು "ಇವನ ಜವಾಬ್ದಾರಿ ನನಗಿರಲಿ" ಅಂದರೆ ಅರ್ಧ ಕೆಲಸ ಆದಂತೆಯೇ. ಅಂಥವರನ್ನು ಹುಡುಕುವುದು ಮನೆಯವರ ಕೆಲಸ.

ಕಾನೂನಿನ ಮಾತು

ಶಿಕ್ಷೆ ಅನುಭವಿಸಿದ ಮೇಲೂ ಮೇಲ್ಮನವಿ ನಡೆಯಬಹುದು. ಸೆಷನ್ಸ್ ಕೋರ್ಟಿನ ತೀರ್ಪಾಗಿದ್ದರೆ ಹೈಕೋರ್ಟಿನ ಧಾರವಾಡ ಪೀಠ ಇಲ್ಲೇ ಇದೆ, ಬೆಂಗಳೂರಿಗೆ ಅಲೆಯಬೇಕಿಲ್ಲ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಕಡಿಮೆ ಇರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ವಕೀಲರ ನೆರವು ಉಚಿತ.

ವಯಸ್ಕರ ಶಿಕ್ಷೆಯ ದಾಖಲೆಯನ್ನು ಇಷ್ಟು ವರ್ಷಕ್ಕೆ ಅಳಿಸಬೇಕು ಎನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. "ರೆಕಾರ್ಡ್ ಕ್ಲಿಯರ್ ಮಾಡಿಸ್ತೀನಿ, ರೊಕ್ಕ ಕೊಡ್ರಿ" ಅನ್ನುವ ದಲ್ಲಾಳಿಯನ್ನು ನಂಬಬೇಡಿ. ಬಾಲಾಪರಾಧಿಗಳಿಗೆ ಮಾತ್ರ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಬೇರೆ ರಕ್ಷಣೆ ಇದೆ. ನೈತಿಕ ಅಧಃಪತನದ (ಮೋಸ, ಕಳ್ಳತನದಂಥ) ಅಪರಾಧಕ್ಕೆ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾಗಿದ್ದರೆ, ಆ ತೀರ್ಪಿನಿಂದ ಐದು ವರ್ಷ ಪಾಸ್‌ಪೋರ್ಟ್ ನಿರಾಕರಿಸಬಹುದು.

ಹಳೇ ಕೇಸಿನ ಹೆಸರು ಹೇಳಿ ಠಾಣೆಗೆ ಪದೇ ಪದೇ ಕರೆದರೆ ಜಗಳಕ್ಕೆ ನಿಲ್ಲಬೇಡಿ. ಲಿಖಿತ ನೋಟಿಸ್ ಕೊಡಿ ಎಂದು ಸಮಾಧಾನವಾಗಿ ಕೇಳಿ, ಮನೆಯವರಿಗೆ ತಿಳಿಸಿ. ಕಾನೂನು ನೆರವಿನ ಉಚಿತ ಸಹಾಯವಾಣಿ 15100. ಈ ನಂಬರನ್ನು ಹೊಸ ಸಿಮ್ ಹಾಕಿದ ದಿನವೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.