ಬೇಣದಲ್ಲಿ ಹಾಳೆ ಹಾಸಿ ಸ್ಕೀಯಿಂಗ್‌ಗೆ ತಯಾರಾದದ್ದು

2024ರ ಡಿಸೆಂಬರ್ 30ಕ್ಕೆ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸ್ಕೀ ಕಟ್ಟಿಕೊಂಡು ಆ ಸೀಸನ್ನಿನಲ್ಲಿ ಮೊದಲ ಸಲ ಹಿಮದ ಮೇಲೆ ಇಳಿದಾಗ ನಾನು ಬೀಳಲಿಲ್ಲ. ಎರಡನೇ ಸಲವೂ ಬೀಳಲಿಲ್ಲ, ಮೂರನೆಯದಕ್ಕೂ ಇಲ್ಲ. ನಾಲ್ಕನೆಯದಕ್ಕೆ ಬಿದ್ದೆ. ಅದು ಯಾರೋ ಟೂರಿಸ್ಟ್ ಅಡ್ಡ ಎಳೆಸಿಕೊಂಡು ಬಂದ ಸ್ಲೆಡ್ಜ್ ಗಾಡಿಯ ತಪ್ಪು, ನನ್ನದಲ್ಲ.

ಬೇಸಿಕ್ ಕೋರ್ಸ್ ಮಾಡಿ ವರ್ಷಕ್ಕೊಮ್ಮೆ ಐದಾರು ದಿನ ಹೋಗಿಬರುವ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ಸೀಸನ್ ಶುರುವಿನಲ್ಲಿ ಹೋದರೆ ಮೊದಲ ಎರಡು ದಿನ ಕಾಲಿಗೆ ಹಳೆಯದನ್ನು ನೆನಪು ಮಾಡಿಕೊಡುವುದರಲ್ಲೇ ಮುಗಿಯುತ್ತದೆ. ಐದು ದಿನದ ದುಡ್ಡು ಕೊಟ್ಟು ಮೂರು ದಿನ ಸ್ಕೀ ಮಾಡಿದ ಹಾಗೆ. ನನಗೆ ಆ ಸಲ ಅರ್ಧ ಗಂಟೆ ಸಾಕಾಯಿತು. ಅದಕ್ಕೆ ತಯಾರಿ ನಡೆದದ್ದು ಶಿರಸಿ ಹತ್ತಿರದ ನಮ್ಮ ಮನೆಯ ಹಿಂದಿನ ಬೇಣದಲ್ಲಿ, ಅಂದರೆ ಹುಲ್ಲು ಬೆಳೆಯುವ ಗುಡ್ಡದ ಇಳಿಜಾರಿನಲ್ಲಿ. ಹಿಮದ ಬದಲು ಅಡಿಕೆ ಹಾಳೆ, ಅಡಿಕೆ ಸೋಗೆಯ ಬುಡದಲ್ಲಿರುವ ಅಗಲ ಪಟ್ಟಿ. ನಕ್ಕವರು ಬಹಳ ಜನ. ಈಗಲೂ ನಗಬಹುದು, ನನಗೇನೂ ಬೇಜಾರಿಲ್ಲ.

ಈ ಹುಚ್ಚು ಶುರುವಾದದ್ದು 2024ರ ಜನವರಿಯಲ್ಲಿ. ಹಿಂದಿನ ವರ್ಷ ಫೆಬ್ರವರಿಯಲ್ಲಿ ಕೋರ್ಸ್ ಮುಗಿಸಿದ್ದೆ. ಚೆನ್ನಾಗಿ ಹಿಮ ಇತ್ತು, ಚೆನ್ನಾಗಿ ಬಿದ್ದಿದ್ದೆ ಕೂಡ. ಸರಿ, ಈ ಸಲ ಬೇಗ ಹೋಗೋಣ, ಜನ ಕಡಿಮೆ ಇರುತ್ತಾರೆ ಎಂದು ಜನವರಿ ಮಧ್ಯಕ್ಕೆ ಟಿಕೆಟ್ ತೆಗೆದೆ. ಆ ಜನವರಿ ನಿಮಗೆಲ್ಲ ನೆನಪಿರಬೇಕು. ಡಿಸೆಂಬರ್ 21ಕ್ಕೆ ಶುರುವಾಗುವ ಚಿಲ್ಲಾಯ್ ಕಲಾನ್, 40 ದಿನದ ಕಡುಚಳಿ, ಅರ್ಧ ದಾಟಿತ್ತು. ನೆಲದಲ್ಲಿ ಬಿಳಿ ಅನ್ನುವುದೇ ಇಲ್ಲ. ಗೊಂಡೋಲಾ ಎಂಬ ಕೇಬಲ್ ಕಾರಿನಲ್ಲಿ ಕೂತು ಮೇಲಿನ ಕೊಂಗ್‌ಡೂರಿಗೆ ಹೋದೆ. ಅಲ್ಲೂ ಒಣಹುಲ್ಲು. ಬಾಡಿಗೆ ಸ್ಕೀ ಕೊಡುವವನು ಅಂಗಡಿ ಬಾಗಿಲಲ್ಲಿ ಕಾಂಗ್ರಿ, ಅಂದರೆ ಕೆಂಡದ ಮಡಕೆ, ಹಿಡಿದು ಕೂತಿದ್ದ. ಮಾತಾಡುವ ಉಮೇದೂ ಅವನಿಗಿರಲಿಲ್ಲ. ಸುಮಾರು 38 ಸಾವಿರ ರೂಪಾಯಿ ಹೋಯಿತು, ಶಾಲು ಕೊಂಡದ್ದು ಬಿಟ್ಟು. ತಿಂಗಳ ಕೊನೆಗೆ ಹಿಮ ಬಿತ್ತು. ಫೆಬ್ರವರಿಯಲ್ಲಿ ಅಲ್ಲೇ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೂ ನಡೆಯಿತು. ನಾನು ಅಂಗಳದಲ್ಲಿ ಚಾಲಿ, ಅಂದರೆ ಬೇಯಿಸದೆ ಒಣಗಿಸುವ ಹಣ್ಣಡಿಕೆ, ಹರವುತ್ತಾ ಫೋನಿನಲ್ಲಿ ನೋಡಿದೆ.

ಆದರೆ ಆ ಕಂದು ಗುಡ್ಡ ತಲೆಯಲ್ಲಿ ಕೂತುಬಿಟ್ಟಿತು. ಥೇಟ್ ನಮ್ಮ ಕರಡ ಹುಲ್ಲಿನ ಬೇಣ. ಚಿಕ್ಕವರಿದ್ದಾಗ ಡಿಸೆಂಬರ್ ರಜೆಯಲ್ಲಿ ಕರಡ ಒಣಗಿ ನುಣ್ಣಗಾದ ಮೇಲೆ ನಾವೆಲ್ಲ ಹಾಳೆಯ ಮೇಲೆ ಕೂತು ಜಾರುತ್ತಿದ್ದ ಜಾಗ. ಕೂತು ಜಾರಬಹುದಾದರೆ ನಿಂತು ಯಾಕೆ ಆಗಬಾರದು?

ಮೊದಲು ಸಾಮಾನಿನ ಖರ್ಚು. ಮನಾಲಿ ಕಡೆಯ ಒಬ್ಬರು ಬಾಡಿಗೆಗೆ ಬಿಟ್ಟು ಸವೆದ 160 ಸೆಂಟಿಮೀಟರಿನ ಸ್ಕೀ ಜೋಡಿಯನ್ನು ಬೂಟನ್ನು ಹಿಡಿಸುವ ಬೈಂಡಿಂಗ್ ಸಮೇತ ಏಳೂವರೆ ಸಾವಿರಕ್ಕೆ ಕೊಟ್ಟರು. ಬೂಟು ಆರೂವರೆ ಸಾವಿರ. ಸಾಗಾಟಕ್ಕೆ ಎರಡು ಸಾವಿರದ ಹತ್ತಿರ. ಮನೆಯಲ್ಲಿ ಬೂಟಿನ ಬೆಲೆ ಎರಡು ಸಾವಿರ ಅಂದಿದ್ದೆ. ಈಗ ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ.

ಮಾರ್ಚ್‌ನಲ್ಲಿ ನೇರವಾಗಿ ಕರಡದ ಮೇಲೆ ಇಳಿದೆ. ಜಾರಿತು ನಿಜ. ಹತ್ತು ಮೀಟರು ಚೆನ್ನಾಗಿಯೇ ಜಾರಿತು. ಆಮೇಲೆ ಹುಲ್ಲಿನಡಿಯ ಜಂಬಿಟ್ಟಿಗೆ ಕಲ್ಲು ಸ್ಕೀಯ ತಳವನ್ನು ಕೊಬ್ಬರಿ ತುರಿದ ಹಾಗೆ ತುರಿಯಿತು. ಬಲಗೈ ಹೆಬ್ಬೆರಳು ಉಳುಕಿ ಮೂರು ವಾರ ಅಡಿಕೆ ಸುಲಿಯಲಾಗಲಿಲ್ಲ. ಸುಲಿಯುವವರಿಗೆ ಕೊಟ್ಟ ಕೂಲಿಯನ್ನೂ ಈ ಲೆಕ್ಕಕ್ಕೇ ಸೇರಿಸಬೇಕು ಎಂದು ಅಪ್ಪ ವಾದಿಸುತ್ತಾರೆ.

ಮೇ ತಿಂಗಳಲ್ಲಿ ಇನ್ನೊಂದು ದಡ್ಡತನ. ಇಂಗ್ಲೆಂಡಿನಲ್ಲಿ ಪ್ಲಾಸ್ಟಿಕ್ ಬ್ರಶ್ಶಿನ ಚಾಪೆ ಹಾಸಿ, ನೀರು ಚಿಮುಕಿಸಿ ಅದರ ಮೇಲೆ ಸ್ಕೀ ಕಲಿಸುತ್ತಾರೆ ಎಂದು ಗೊತ್ತಿತ್ತು. ಬ್ರಶ್ಶಿಗೂ ಹುಲ್ಲಿಗೂ ಎಂತ ವ್ಯತ್ಯಾಸ ಎಂದು ಹುಬ್ಬಳ್ಳಿಯಿಂದ 11 ಸಾವಿರದ ಪ್ಲಾಸ್ಟಿಕ್ ಹುಲ್ಲಿನ ಚಾಪೆ ತಂದೆ. ವ್ಯತ್ಯಾಸ ಬಹಳ ಇದೆ. ಸ್ಕೀ ಅಲ್ಲಾಡಲಿಲ್ಲ, ನಾನು ಮಾತ್ರ ಮುಂದೆ ಹೋದೆ. ಮೊಣಕೈ ಸುಲಿದು ಉರಿ ಎಂಟು ದಿನ. ಆ ಚಾಪೆ ಈಗ ಕೊಟ್ಟಿಗೆಯಲ್ಲಿದೆ. ಆಕಳು ಜಾರದೆ ನಿಲ್ಲುತ್ತವೆ, ಅಷ್ಟರಮಟ್ಟಿಗೆ ಒಳ್ಳೆಯ ಮಾಲು.

ಮಧ್ಯದಲ್ಲಿ ಕಾರವಾರಕ್ಕೆ ಭಾವನ ಮನೆಗೆ ಹೋದಾಗ ಸ್ಕೀಯನ್ನೂ ಒಯ್ದಿದ್ದೆ. ಮಾಜಾಳಿ ಕಡಲಂಚಿನ ಮರಳಿನಲ್ಲಿ ನೋಡೋಣ ಅಂತ. ಸಮತಟ್ಟು ಮರಳು, ಒದ್ದೆಯಾಗಿದ್ದರೆ ಗೋಂದು ಹಾಕಿದ ಹಾಗೆ ಹಿಡಿಯುತ್ತದೆ, ಒಣಗಿದ್ದರೆ ಹೂತುಹೋಗುತ್ತದೆ. ಬಲೆ ಸರಿ ಮಾಡುತ್ತಿದ್ದವರಲ್ಲಿ ಒಬ್ಬರು ಬಂದು ಇದು ಯಾವ ನಮೂನೆ ದೋಣಿಯ ಹುಟ್ಟು ಎಂದು ಕೇಳಿದರು. ಉಪ್ಪುಗಾಳಿಗೆ ಎರಡೇ ದಿನದಲ್ಲಿ ಸ್ಕೀಯ ಎಡ್ಜ್, ಅಂದರೆ ತಳದ ಲೋಹದ ಅಂಚು, ತುಕ್ಕು ಹಿಡಿಯಿತು. ಕರಾವಳಿಯಲ್ಲಿ ಸ್ಕೀ ಇಟ್ಟುಕೊಂಡಿರುವವರು ಯಾರಾದರೂ ಇದ್ದರೆ ಕೊಬ್ಬರಿ ಎಣ್ಣೆ ಸವರಿ ಇಡಿ. ನಮ್ಮ ಕಡೆ ತುಕ್ಕಿಗಿಂತ ಬೂಷ್ಟಿನ ಕಾಟ. ಮಳೆಗಾಲದಲ್ಲಿ ಬೂಟನ್ನು ಒಲೆ ಮೇಲಿನ ಅಟ್ಟಕ್ಕೆ ಕಟ್ಟಿದ್ದೆ. ಗುಲ್ಮಾರ್ಗ್‌ನಲ್ಲಿ ಅದನ್ನು ಬಿಚ್ಚಿದಾಗ ರೂಮಿಗೆಲ್ಲ ಹೊಗೆ ವಾಸನೆ.

ಈಗ ಹಾಳೆಯ ವಿಷಯ. ಹಾಳೆ ತಟ್ಟೆ ಮಾಡುವವರಿಗೆ ಇದರಲ್ಲಿ ಅರ್ಧ ಗೊತ್ತಿರುವುದೇ. ಬೇಸಿಗೆಯಲ್ಲಿ ಒಣಗಿಸಿ ಅಟ್ಟಕ್ಕೆ ಹಾಕಿದ್ದ ಹಾಳೆಯನ್ನು ಅಕ್ಟೋಬರ್ ಕೊನೆಗೆ ಇಳಿಸಿದೆ. ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ಒಳಮೈ ಲೋಳೆಲೋಳೆಯಾಗುತ್ತದೆ. ಒಳಮೈ ಮೇಲೆ ಬರಬೇಕು, ನಾರು ಇಳಿಜಾರಿನ ಉದ್ದಕ್ಕೇ ಇರಬೇಕು. ಮಾಡಿಗೆ ಹಂಚು ಹೊದಿಸಿದ ಹಾಗೆ ಮೇಲಿನದರ ತುದಿ ಕೆಳಗಿನದರ ಮೇಲೆ ಕೂರಬೇಕು. ಹಾಸುವುದು ಬುಡದಿಂದ ಶುರು. ನಾನು ಮೊದಲ ಸಲ ಮೇಲಿನಿಂದ ಹಾಸುತ್ತಾ ಬಂದು, ಉಲ್ಟಾ ಆಗಿ, ಸ್ಕೀಯ ಮೂತಿ ಹಾಳೆಯೊಳಗೆ ಹೊಕ್ಕು ಮಗುಚಿದೆ.

35 ಮೀಟರು ಉದ್ದ, 3 ಮೀಟರು ಅಗಲಕ್ಕೆ ಸಾವಿರದ ಇನ್ನೂರರ ಆಸುಪಾಸು ಹಾಳೆ ಬೇಕಾಯಿತು. ತಟ್ಟೆಯವರಿಗೆ ಮಾರಿದ್ದರೆ ಒಂದಕ್ಕೆ ಒಂದೂವರೆ, ಎರಡು ರೂಪಾಯಿ ಸಿಗುತ್ತಿತ್ತು. ಮೊಳೆ ಹೊಡೆಯಬೇಡಿ, ಬಿದ್ದಾಗ ಗೊತ್ತಾಗುತ್ತದೆ. ನಾನು ಅಡಿಕೆ ಮರ ಸೀಳಿದ ದಬ್ಬೆಯನ್ನು ಎರಡೂ ಬದಿಗೆ ಕಟ್ಟಿ, ಹಾಳೆಯ ತಲೆಯನ್ನು ಮಾತ್ರ ಬಿದಿರು ಗೂಟದಿಂದ ಹಿಡಿಸಿದೆ. ತೋಟಕ್ಕೆ ನೀರು ಚಿಮ್ಮಿಸುವ ಎರಡು ಜೆಟ್ಟನ್ನು ತಂದು ಕೂರಿಸಿದೆ. ಆಳಿಗೆ ಎರಡು ದಿನದ ಕೂಲಿ. ಅವನು ಸಂಜೆ ಹೋಗುವಾಗ ಅಪ್ಪನ ಹತ್ತಿರ, ಹೆಗಡೇರಿಗೆ ಹುಷಾರಿಲ್ವಾ ಎಂದು ಮೆಲ್ಲಗೆ ಕೇಳಿದನಂತೆ.

ಪಕ್ಕದ ಮನೆಯ ಅಜ್ಜ ಬೇಲಿಯಾಚೆ ನಿಂತು ನೋಡಿ, "ಎಂತದೋ ತಮಾ ಇದು? ಮನೆ ಮಾಡು ಬಿಟ್ಟು ಗುಡ್ಡಕ್ಕೆ ಹೊದಿಸ್ತಾ ಇದ್ಯಲಾ" ಅಂದರು. ಅವರ ಎಮ್ಮೆಯೇ ಮೂರನೇ ದಿನ ರಾತ್ರಿ ಬಂದು ಕೆಳಗಿನ ಎಂಟು ಸಾಲು ತಿಂದುಹೋಯಿತು. ನೆನೆದ ಹಾಳೆ ಅದಕ್ಕೆ ಹಬ್ಬದ ಊಟ ಅಲ್ವಾ. ನಾನೇ ಹೋಗಿ ಹೇಳಿದರೆ ಎಮ್ಮೆಗೆ ಹೊಟ್ಟೆ ಕೆಟ್ಟಿದೆ ಎಂದು ಅವರೇ ನನಗೆ ಬೈದರು.

ದೊಡ್ಡ ತೊಂದರೆ ಬೇರೆ. ಬಿಸಿಲು ಬಿದ್ದ ಕೂಡಲೇ ಹಾಳೆಯ ಅಂಚು ಸುರುಳಿ ಸುತ್ತುತ್ತದೆ. ಆ ಅಂಚಿಗೆ ಸ್ಕೀ ತಾಗಿದರೆ ಮುಗಿಯಿತು. ಅಂಚು ಕತ್ತರಿಸಿದೆ, ರಾತ್ರಿಯಿಡೀ ಅಡಿಕೆ ಚೀಲದ ಅಡಿ ಒತ್ತಿಟ್ಟೆ. ಎರಡು ದಿನ ಸರಿ, ಮೂರನೇ ದಿನ ಮತ್ತೆ ಅದೇ ಕತೆ. ಕೊನೆಗೆ ಸುರುಳಿ ನಿಲ್ಲಿಸುವ ಒಂದು ಉಪಾಯ ಸಿಕ್ಕಿತು. ಅದೊಂದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮೆಲ್ಲರ ಮನೆಯಲ್ಲೂ ಇರುವ ಸಾಮಾನೇ, ಬಹಳ ಪೆಟ್ಟು ತಿಂದು ಕಂಡುಕೊಂಡದ್ದು. ಮನೆಗೆ ಬಂದರೆ ಕಷಾಯ ಕೊಟ್ಟು ತೋರಿಸುತ್ತೇನೆ.

ಜಾರಿಕೆ ಜಾಸ್ತಿ ಮಾಡಲು ದಾಸವಾಳ ಸೊಪ್ಪಿನ ಗೊಂಪನ್ನೂ, ಅಂದರೆ ಅದರ ಲೋಳೆಯನ್ನೂ, ಹಾಕಿ ನೋಡಿದೆ. ಒಂದು ಬಕೆಟ್ ಗೊಂಪು ಮಾಡಲು ಅರ್ಧ ದಿನ. ಒದ್ದೆ ಇರುವಷ್ಟು ಹೊತ್ತು ಬೆಣ್ಣೆ ಹಾಗೆ ಜಾರಿತು. ಒಣಗಿದ ಮೇಲೆ ಅಂಟಿಕೊಂಡಿತು, ಇರುವೆ ಬಂತು. ಬೇಣದ ತುಂಬ ತಲೆಸ್ನಾನ ಮಾಡಿಸಿದ ವಾಸನೆ. ಬಿಟ್ಟುಬಿಟ್ಟೆ. ಬರಿ ನೀರೇ ಸಾಕು. ನೀರಿದ್ದಲ್ಲಿ ಉಂಬಳ (ಜಿಗಣೆ) ಬರುತ್ತದೆ, ಅದಂತೂ ಇದ್ದದ್ದೇ. ಸ್ಕೀ ಬೂಟಿನೊಳಗೆ ಉಂಬಳ ಹೊಕ್ಕರೆ ನಾಲ್ಕು ಬಕಲ್ ಬಿಚ್ಚುವ ಹೊತ್ತಿಗೆ ಅದು ಹೊಟ್ಟೆ ತುಂಬಿಸಿಕೊಂಡು ಬಿದ್ದಿರುತ್ತದೆ.

ನವೆಂಬರ್ ಎರಡನೇ ವಾರದಿಂದ ಡಿಸೆಂಬರ್ 20ರವರೆಗೆ, ಬೆಳಿಗ್ಗೆ ಆರೂವರೆಯಿಂದ ಎಂಟು. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಸಲ. ಒಮ್ಮೆ ಇಳಿಯಲು ಐದಾರು ಸೆಕೆಂಡು, ಬೂಟು ಹಾಕಿಕೊಂಡು ಮೇಲೆ ಹತ್ತಲು ಮೂರು ನಿಮಿಷ. ತೊಡೆಗೆ ಕಸರತ್ತು ಆದದ್ದು ಇಳಿದದ್ದರಿಂದ ಅಲ್ಲ, ಹತ್ತಿದ್ದರಿಂದ ಎಂದು ನನ್ನ ಅನುಮಾನ. ಎರಡು ವಾರಕ್ಕೊಮ್ಮೆ ಕೊಳೆತ ಹಾಳೆ ಬದಲಿಸಬೇಕು. ಎಡ್ಜಿನಿಂದ ಹಾಳೆ ಸೀಳದಿರಲು ಅದರ ಮೇಲೆ ಟೇಪು ಸುತ್ತಿದ್ದೆ. ಹಾಗಾಗಿ ಎಡ್ಜ್ ಕಚ್ಚಿಸಿ ತಿರುಗುವುದನ್ನು ಹಾಳೆ ಕಲಿಸುವುದಿಲ್ಲ. ಈ ಮಾತನ್ನು ಮುಚ್ಚಿಡುವುದಿಲ್ಲ. ಮೊಣಕಾಲ ಕೆಳಗಿನ ಮೂಳೆಯನ್ನು ಬೂಟಿನ ನಾಲಿಗೆಗೆ ಒತ್ತಿ ಮುಂದೆ ಬಾಗಿ ನಿಲ್ಲುವುದು, ಸ್ಕೀಗಳ ಮೂತಿ ಹತ್ತಿರ ತಂದು ವೇಗ ತಗ್ಗಿಸುವ ಸ್ನೋಪ್ಲೋ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುವುದು, ಹೆದರಿ ಹಿಂದಕ್ಕೆ ಕೂರದಿರುವುದು, ಇಷ್ಟು ಬರುತ್ತದೆ. ಮೊದಲ ದಿನ ಎಲ್ಲರೂ ಬೀಳುವುದು ಹಿಂದಕ್ಕೆ ಕೂತೇ ತಾನೆ?

ಹಿಮವೋ ಟ್ರ್ಯಾಕೋ ಇಲ್ಲದವರು ಇಂಥದ್ದು ಮಾಡಿದ್ದು ಹೊಸತಲ್ಲ. ಮಂಜುಗಡ್ಡೆಯ ಟ್ರ್ಯಾಕಿನಲ್ಲಿ ಗಾಡಿಯ ಮೇಲೆ ಮಲಗಿ ಜಾರುವ ಲೂಜ್ ಆಟದ ಶಿವ ಕೇಶವನ್ ಗಾಡಿಗೆ ಚಕ್ರ ಹಾಕಿ ಹಿಮಾಲಯದ ಟಾರು ರಸ್ತೆಯಲ್ಲಿ ಅಭ್ಯಾಸ ಮಾಡಿದವರು. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದ ಭವಾನಿ ನಮ್ಮ ಕೊಡಗಿನವರು. ನನ್ನನ್ನು ಆ ಸಾಲಿಗೆ ಸೇರಿಸಿಕೊಳ್ಳುತ್ತಿಲ್ಲ. ಸುಮ್ನೆ ನೆನಪಾಯಿತು ಅಷ್ಟೆ.

ಡಿಸೆಂಬರ್ ಕೊನೆಗೆ ಮನೆ ಬಿಡುವುದು ಅಡಿಕೆ ಬೆಳೆಗಾರನಿಗೆ ಸಣ್ಣ ಮಾತಲ್ಲ. ಮೊದಲ ಕೊಯ್ಲನ್ನು ಬೇಯಿಸಿ ಕೆಂಪಡಿಕೆ ಮಾಡಿದೆ, ಉಳಿದದ್ದನ್ನು ಹಣ್ಣಾಗಲಿ ಎಂದು ಚಾಲಿಗೆ ಬಿಟ್ಟೆ. ಚಾಲಿಗೆ ಆಗ ಕ್ವಿಂಟಾಲಿಗೆ ಹತ್ತು ಸಾವಿರದ ಹತ್ತಿರ ಕಡಿಮೆ ಸಿಗುತ್ತಿತ್ತು, ಆದರೆ ಚಾಲಿ ತೂಕ ಬರುತ್ತದೆ. ನನ್ನ ಲೆಕ್ಕದಲ್ಲಿ ಅಂಥ ನಷ್ಟವಿಲ್ಲ. ಹೆಂಡತಿಯ ಲೆಕ್ಕದಲ್ಲಿ ಇದೆ.

27ಕ್ಕೆ ದಿಲ್ಲಿ ತಲುಪಿದೆ. ಅವತ್ತೇ ಕಾಶ್ಮೀರದಲ್ಲಿ ಜೋರು ಹಿಮ. ಎಲ್ಲರೂ ಖುಷಿಪಟ್ಟರೆ ನನ್ನ 28ರ ವಿಮಾನ ರದ್ದಾಯಿತು. ಒಂದು ರಾತ್ರಿಯ ರೂಮು 1,800. ಅಂತೂ 30ರ ಬೆಳಿಗ್ಗೆ ಬೂಟು ಕಟ್ಟಿದೆ. ಬೂಟು ನನ್ನದು, ಸ್ಕೀ ಬಾಡಿಗೆಯದು. ಸೀಸನ್ ಶುರುವಿನಲ್ಲಿ ಸ್ವಂತ ಸ್ಕೀ ಇಳಿಸಬೇಡಿ. ಮೇಲೆ ಹೊಸ ಹಿಮ ಮೊಣಕಾಲಿನವರೆಗೆ ಇದ್ದರೂ ಅಡಿಗೆ ಗಟ್ಟಿ ಪದರವಿರುವುದಿಲ್ಲ, ಕಲ್ಲು ಹಾಗೇ ಕಾದಿರುತ್ತದೆ. ಶಿರಸಿಯಿಂದ ಜೇನುಮೇಣ ಒಯ್ದು ಸ್ಕೀಗೆ ಉಜ್ಜಿದ್ದೆ. ಅದು ಪೂರ್ತಿ ದಂಡ. ಹಿಮ ತಳಕ್ಕೆ ಹಿಟ್ಟಿನ ಹಾಗೆ ಮೆತ್ತಿಕೊಂಡಿತು, ಕೆರೆದು ತೆಗೆಯಲು ಒಂದು ಗಂಟೆ. ಬಾಡಿಗೆಯವನಿಗೆ ಇನ್ನೂರು ರೂಪಾಯಿ ಜಾಸ್ತಿ ಕೊಟ್ಟೆ.

ಕೋರ್ಸಿನಲ್ಲಿ ನನ್ನನ್ನು ನೋಡಿ ತಲೆ ಕೊಡವಿದ್ದ ಇನ್‌ಸ್ಟ್ರಕ್ಟರೇ ಕೆಳಗೆ ನಿಂತಿದ್ದರು. ಮೂರು ಸಲ ಇಳಿದದ್ದು ನೋಡಿ, ಈ ವರ್ಷ ಎಲ್ಲಿ ಮಾಡಿ ಬಂದೆ, ಔಲಿಯಾ (ಉತ್ತರಾಖಂಡದ ಸ್ಕೀ ತಾಣ) ಎಂದು ಹಿಂದಿಯಲ್ಲಿ ಕೇಳಿದರು. ಮನೆ ಹಿಂದೆ ಅಂದೆ. ಫೋನಿನಲ್ಲಿದ್ದ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು. ಎಮ್ಮೆ ಬರುವ ಭಾಗವನ್ನು ಮೂರು ಸಲ.

ಈಗ ಮತ್ತೆ ನವೆಂಬರ್, 2025ರದ್ದು. ಬೆಳಿಗ್ಗೆ ತೋಟಕ್ಕೆ ಇಳಿದರೆ ಇಬ್ಬನಿ, ಸಣ್ಣ ಚಳಿ. ಹಿಂದೆಲ್ಲ ಈ ಚಳಿ ಬಂದರೆ ಕೊಯ್ಲಿನ ನೆನಪಾಗುತ್ತಿತ್ತು, ಈಗ ಕಾಲು ತಾನಾಗಿ ಬಾಗುತ್ತದೆ. ಆದರೆ ಹೋದ ಸಲದ ಉಮೇದು ಇಲ್ಲ. ಮಳೆ ಮೇ ತಿಂಗಳಲ್ಲೇ ಹಿಡಿದು ಬಿಡಲೇ ಇಲ್ಲ, ಅಡಿಕೆಯ ಕೊಳೆ ರೋಗಕ್ಕೆ ಮೂರು ಸಲ ಔಷಧಿ ಹೊಡೆದರೂ ನಮ್ಮಲ್ಲಿ ಕಾಲುಭಾಗ ಉದುರಿತು. ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ದಾಳಿ ಆದ ನಂತರ ಮನೆಯಲ್ಲಿ ಕಾಶ್ಮೀರ ಅಂದರೆ ಅಮ್ಮ ಎದ್ದು ಒಳಗೆ ಹೋಗುತ್ತಾರೆ. ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡುತ್ತಿದೆ, ವಿಮಾನ ರದ್ದಾಗುವ ತಲೆಬಿಸಿ ಇಲ್ಲ ಎಂದು ಒಂದು ಮನಸ್ಸು. ಬೇಗ ಹೋದರೆ ಹಿಮ ಇಲ್ಲದೇ ಇರಬಹುದು, ಫೆಬ್ರವರಿಗೇ ಹೋಗು ಎಂದು ಇನ್ನೊಂದು. ಆದರೆ ಈ ವರ್ಷ ಫೆಬ್ರವರಿಯಲ್ಲೂ ಹಿಮ ಸಾಲದೆ ಗುಲ್ಮಾರ್ಗ್‌ನ ಕ್ರೀಡಾಕೂಟ ಮಾರ್ಚ್‌ಗೆ ಹೋಯಿತು. ಯಾವ ತಿಂಗಳನ್ನು ನಂಬುವುದು?

ಅಟ್ಟದಲ್ಲಿ ಒಂಬೈನೂರು ಹಾಳೆ ಇತ್ತು. ನಾನು ಬ್ಯಾಂಕಿಗೆ ಹೋದ ದಿನ ಹೆಂಡತಿ ಅದರಲ್ಲಿ ಚೆನ್ನಾಗಿದ್ದ ನಾನೂರನ್ನು ತಟ್ಟೆಯವರಿಗೆ ಕೊಟ್ಟಿದ್ದಾಳೆ. ಉಳಿದದ್ದನ್ನು ನಿನ್ನೆ ನೀರಿಗೆ ಹಾಕಿದೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನಿಗೆ ಫೋನ್ ಮಾಡಿ ಈ ಸಲ ಯಾವಾಗ ಬರುತ್ತೀಯ ಮಾರಾಯ ಎಂದು ಕೇಳಿದರೆ, "ಡಿಸೆಂಬರ್ 10 ಕಳೀಲಿ, ನೋಡ್ವ" ಅಂದ. ಅವನು ಬಂದುಹೋಗುವ ತನಕ ಟಿಕೆಟ್ ತೆಗೆಯುವ ಹಾಗಿಲ್ಲ.